ಸೋಮವಾರದಿಂದ ಗೇಟಿನಲ್ಲಿ ಅಂಗೈ ತೋರಿಸಿ

ಎಲ್ಲರಿಗೂ ನಮಸ್ಕಾರ. ಇನ್ನು ಬೆರಳು ಒತ್ತುವುದು ಬೇಡ. ಯಂತ್ರದ ಮೇಲೆ ಸ್ವಲ್ಪ ಎತ್ತರದಲ್ಲಿ ಅಂಗೈ ಹಿಡಿದರೆ ಸಾಕು, ಮುಟ್ಟಬೇಡಿ. ಅದರ ಇನ್‌ಫ್ರಾರೆಡ್ ಬೆಳಕನ್ನು, ಅಂದರೆ ಕಣ್ಣಿಗೆ ಕಾಣದ ಬೆಳಕನ್ನು, ರಕ್ತ ಹೀರಿಕೊಳ್ಳುತ್ತದೆ. ಆಗ ರಕ್ತನಾಳಗಳು ಯಂತ್ರಕ್ಕೆ ಕಪ್ಪು ಗೆರೆಗಳಾಗಿ ಕಾಣುತ್ತವೆ. ಆ ಗೆರೆಗಳೇ ನಿಮ್ಮ ಗುರುತು. ಜಪಾನಿನ ಬ್ಯಾಂಕುಗಳು 2004ರಲ್ಲೇ ಇದನ್ನು ಬಳಕೆಗೆ ತಂದಿದ್ದವು.

ಕ್ಯಾಂಟೀನಿನ ಅಕ್ಕಂದಿರು ದಿನಾ ಸೆರಗಿಗೆ ಬೆರಳು ಒರೆಸಿ ಒರೆಸಿ ಒತ್ತುತ್ತಿದ್ದರು, ಅಲ್ವಾ? ಪಾತ್ರೆ ತೊಳೆದು ಸವೆದ ಬೆರಳನ್ನು ಯಂತ್ರ ಓದುತ್ತಲೇ ಇರಲಿಲ್ಲ. ನನಗೆ ಜಾಸ್ತಿ ಖುಷಿ ಅವರಿಗಾಗಿ.

ಅಂಗೈ ಗುರುತು ಕೊಡುವ ಒಪ್ಪಿಗೆ ಪತ್ರಕ್ಕೆ ಸುಮ್ನೆ ಸಹಿ ಹಾಕಬೇಡಿ, ಓದಿ. ಪಾಸ್‌ವರ್ಡ್ ಆದರೆ ಬದಲಿಸಬಹುದು, ಅಂಗೈ ಆಗಲ್ಲ. ಕೆಲಸ ಬಿಟ್ಟ ಮೇಲೆ ಮಾಹಿತಿ ಅಳಿಸುತ್ತಾರಾ ಅಂತ ಕೇಳಿ.

ನೋಂದಣಿ ಶುಕ್ರವಾರ, ಎರಡೂ ಕೈಗಳದ್ದು. ಕೈ ತಣ್ಣಗಿದ್ದರೆ ಉಜ್ಜಿಕೊಂಡು ಬನ್ನಿ.