ಪೇಂಟ್ ಅಂಗಡಿಯಲ್ಲಿ ಸಿಕ್ಕ ಅಣ್ಣನಿಗೆ

ಶಿರಸಿಯ ಪೇಂಟ್ ಅಂಗಡಿಯಲ್ಲಿ ಬಣ್ಣ ಮಿಕ್ಸ್ ಆಗಲಿ ಅಂತ ಕಾಯುತ್ತಿದ್ದ ಅಣ್ಣಾ, ನಿಮ್ಮ ಹೆಸರು ಕೇಳುವಷ್ಟರಲ್ಲಿ ಡಬ್ಬಿ ಹಿಡಿದು ಹೊರಟೇಬಿಟ್ಟಿರಿ. ಹಾಗಾಗಿ ಇಲ್ಲೇ ಹೇಳುತ್ತಿದ್ದೇನೆ.

ನಮ್ಮ ಹಳೇ ಮನೆಯದು ಸುಣ್ಣದ ಗಾರೆಯ ಗೋಡೆ. ಪ್ರತಿ ಮಳೆಗಾಲ ಕಳೆದ ಮೇಲೂ ಹಜಾರದ ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಇನ್ನೊಂದು ಕೋಟ್ ಹೊಡೆಸಿ ಅಂತಲೇ ಎಲ್ಲರ ಸಲಹೆ. "ಎದ್ದ ಬಣ್ಣದ ಹಿಂದೆ ಬಿಳಿ ಪುಡಿ ಇದೆಯಾ?" ಅಂತ ಕೇಳಿದವರು ನೀವೊಬ್ಬರೇ. ಇತ್ತು. ಅದು ತೇವ ಹೊತ್ತು ತಂದ ಉಪ್ಪು, ನೀರು ಆರಿದಾಗ ಅಲ್ಲೇ ಹರಳುಗಟ್ಟಿ ಬಣ್ಣವನ್ನು ದೂಡುತ್ತದೆ ಎಂದಿರಿ. ಬಿಲ್ಲಿನ ಹಿಂದೆ ಗೋಡೆಯ ಚಿತ್ರ ಬರೆದು ತೋರಿಸಿದಿರಿ.

ಮೊದಲು ಹೊರಗೆ ಗೋಡೆಗೆ ಒತ್ತಿಕೊಂಡಿದ್ದ ಮಣ್ಣು ತೆಗೆಸಿದೆವು. ಬಣ್ಣವನ್ನೆಲ್ಲ ಗಾರೆಯವರೆಗೂ ಕೆರೆದು, ಉಪ್ಪನ್ನು ಒಣ ಬ್ರಷ್‌ನಲ್ಲೇ ಗುಡಿಸಿದೆವು. ತೊಳೆದರೆ ಕರಗಿ ಮತ್ತೆ ಒಳಗೇ ಇಳಿಯುತ್ತದಲ್ವಾ! ನೀವು ಹೇಳಿದ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ನನಗೆ ತುಂಬಾ ಇಷ್ಟವಾಯಿತು. ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿಡುವುದು. ಗೋಡೆ ಕಡೆ ಹನಿ ಕಟ್ಟಿದರೆ ತೇವ ಒಳಗಿನದು, ಕೋಣೆ ಕಡೆ ಕಟ್ಟಿದರೆ ಗಾಳಿಯದು. ನಮ್ಮದು ಒಳಗಿನದೇ. ಬೇಸಿಗೆ ಪೂರ್ತಿ ಒಣಗಲು ಬಿಟ್ಟೆವು.

ಆಮೇಲೆ ಪ್ಲಾಸ್ಟಿಕ್ ಪೇಂಟ್ ಬಿಟ್ಟು ಸುಣ್ಣವನ್ನೇ ಬಳಿದೆವು. ಅದು ತೇವವನ್ನು ಹೊರಗೆ ಬಿಡುತ್ತದೆ, ಹಳೇ ಗೋಡೆಗೆ ಅದೇ ಸರಿ. ಈ ಮಳೆಗಾಲ ಕಳೆದರೂ ಬಣ್ಣ ಎದ್ದಿಲ್ಲ.

ಗುರುತು ಪರಿಚಯ ಇಲ್ಲದವರಿಗೆ ಅಷ್ಟು ಹೊತ್ತು ನಿಂತು ಹೇಳಿದಿರಿ. ತುಂಬಾ ಥ್ಯಾಂಕ್ಸ್ ಅಣ್ಣಾ.