ಬಿಪಿ ಎಂದು ಬರೆದು ಫೈಲ್ ಮುಚ್ಚಬೇಡಿ

ಮಾನ್ಯ ಸಂಪಾದಕರೇ,

ಪಾರ್ಶ್ವವಾಯು ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ವಯಸ್ಸಾದವರ ಮೆದುಳಿನ ರಕ್ತಸ್ರಾವಕ್ಕೆ ಬಿಪಿ ಒಂದೇ ಕಾರಣ ಅನ್ನುವ ಹಾಗೆ ಅದು ಮುಗಿಯಿತು. ನಾನು ಎಂಆರ್‌ಐ ಟೆಕ್ನಿಷಿಯನ್. ಇಂಥ ರೋಗಿಗಳ ಸ್ಕ್ಯಾನ್ ಮಾಡುವುದೇ ನನ್ನ ಕೆಲಸ. ಓದಿ ಸುಮ್ಮನಿರಲು ಆಗಲಿಲ್ಲ.

ಬಿಪಿ ದೊಡ್ಡ ಕಾರಣ, ನಿಜ. ವರ್ಷಗಟ್ಟಲೆ ಹತೋಟಿ ತಪ್ಪಿದ ಬಿಪಿ ಮೆದುಳಿನ ಆಳದ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತದೆ. ಥಲಾಮಸ್, ಬೇಸಲ್ ಗ್ಯಾಂಗ್ಲಿಯಾದಂಥ ಒಳಭಾಗದಲ್ಲಿ ರಕ್ತ ಕಂಡರೆ ಮೊದಲ ಅನುಮಾನ ಅದರ ಮೇಲೇ. ಆದರೆ ರಕ್ತ ಇರುವುದು ಮೆದುಳಿನ ಹೊರ ಅಂಚಿನ ಹತ್ತಿರವಾದರೆ? ಆಗ ಅಮಿಲಾಯ್ಡ್ ಆಂಜಿಯೋಪತಿ ಎಂಬ ಕಾಯಿಲೆ ಇದೆಯೇ ಎಂದು ನೋಡಲೇಬೇಕು. ಅಮಿಲಾಯ್ಡ್ ಅನ್ನುವ ಪ್ರೋಟೀನ್ ಹೊರಪದರದ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಸೇರಿಕೊಂಡು, ಅವು ಸುಲಭವಾಗಿ ಒಡೆಯುವಂತಾಗುತ್ತವೆ. ಅಲ್ಜೈಮರ್ ಕಾಯಿಲೆಯಲ್ಲಿ ಮೆದುಳಲ್ಲಿ ಸೇರುವುದೂ ಇದೇ ಪ್ರೋಟೀನ್. ಬಿಪಿ ಇಲ್ಲದವರಿಗೂ ಇದು ಬರುತ್ತದೆ.

ತುರ್ತಿನಲ್ಲಿ ಮಾಡುವ ಸಿಟಿ ಸ್ಕ್ಯಾನ್ ಹೊಸ ರಕ್ತವನ್ನು ತಕ್ಷಣ ತೋರಿಸುತ್ತದೆ. ಹಳೆಯ ಸಣ್ಣ ಸಣ್ಣ ಸ್ರಾವಗಳು ಅದರಲ್ಲಿ ಕಾಣುವುದಿಲ್ಲ. ಅವು ಕಾಣಬೇಕೆಂದರೆ ಎಂಆರ್‌ಐನಲ್ಲಿ ಎಸ್‌ಡಬ್ಲ್ಯುಐ ಎಂಬ ಸೀಕ್ವೆನ್ಸ್, ಅಂದರೆ ಚಿತ್ರ ತೆಗೆಯುವ ಒಂದು ಬೇರೆ ವಿಧಾನ, ಹಾಕಬೇಕು. ಹಳೆಯ ರಕ್ತದ ಕಬ್ಬಿಣದ ಅಂಶ ಅಲ್ಲೇ ಉಳಿದಿರುತ್ತದೆ. ಅದು ಪರದೆಯ ಮೇಲೆ ಕಪ್ಪು ಚುಕ್ಕೆಗಳಾಗಿ ಮೂಡುತ್ತದೆ, ಎಳ್ಳು ಚೆಲ್ಲಿದ ಹಾಗೆ. ಚುಕ್ಕೆಗಳೆಲ್ಲ ಅಂಚಿನಲ್ಲೇ ಇವೆಯೋ, ಆಳದಲ್ಲಿವೆಯೋ, ಎರಡೂ ಕಡೆ ಇವೆಯೋ ಅನ್ನುವುದೇ ಇಲ್ಲಿ ಮುಖ್ಯ. ಕೆಲವರಲ್ಲಿ ಮೆದುಳಿನ ಮಡಿಕೆಗಳ ಉದ್ದಕ್ಕೂ ಕಪ್ಪು ಗೆರೆ ಕಾಣುತ್ತದೆ. ಅದು ಇದ್ದವರಲ್ಲಿ ಮತ್ತೆ ಸ್ರಾವವಾಗುವ ಭಯ ಜಾಸ್ತಿ. ಈ ಸೀಕ್ವೆನ್ಸ್‌ಗೆ ಇಂಜೆಕ್ಷನ್ ಬೇಕಿಲ್ಲ, ಕೆಲವೇ ನಿಮಿಷ ಸಾಕು. ಆದರೂ ನನ್ನ ಕೈಗೆ ಬರುವ ಎಷ್ಟೋ ಚೀಟಿಗಳಲ್ಲಿ ಅದನ್ನು ಕೇಳಿರುವುದೇ ಇಲ್ಲ.

ಅಮಿಲಾಯ್ಡ್ ಆಂಜಿಯೋಪತಿಯನ್ನು ಪತ್ತೆ ಮಾಡಲು ವೈದ್ಯರಿಗೆ ಬಾಸ್ಟನ್ ಮಾನದಂಡಗಳು ಎಂಬ ಮಾರ್ಗಸೂಚಿ ಇದೆ. 2022ರಲ್ಲಿ ಅವನ್ನು ಪರಿಷ್ಕರಿಸಿದ್ದಾರೆ, 50 ವರ್ಷ ಮತ್ತು ಮೇಲ್ಪಟ್ಟವರಿಗೆ ಅನ್ವಯಿಸುತ್ತವೆ. ಪೂರ್ತಿ ಖಚಿತವಾಗಲು ಮೆದುಳಿನ ಅಂಗಾಂಶವನ್ನೇ ಪರೀಕ್ಷಿಸಬೇಕು. ಆದರೆ ಚಿಕಿತ್ಸೆ ನಿರ್ಧರಿಸುವುದಕ್ಕೆ ಬಹಳಷ್ಟು ಸಲ ಸ್ಕ್ಯಾನ್ ಸಾಕಾಗುತ್ತದೆ.

ಜೀವ ಉಳಿದ ಮೇಲೆ ಕಾರಣ ಗೊತ್ತಾಗಿ ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ಪ್ರಯೋಜನ ಇದೆ. ಈ ಕಾಯಿಲೆಯಲ್ಲಿ ರಕ್ತಸ್ರಾವ ಮತ್ತೆ ಆಗುವ ಸಾಧ್ಯತೆ, ಬಿಪಿಯಿಂದಾದ ಆಳದ ಸ್ರಾವಕ್ಕಿಂತ ತುಂಬಾ ಹೆಚ್ಚು. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಕೊಡಬೇಕೇ ಬೇಡವೇ ಅನ್ನುವ ಲೆಕ್ಕವೇ ಬದಲಾಗುತ್ತದೆ. ಇಂಥವರಿಗೆ ಕೆಲವೊಮ್ಮೆ ಕೈಯಿಂದ ಮುಖದವರೆಗೆ ಜುಮುಜುಮು ಹರಿದು ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಅದನ್ನು ಪಾರ್ಶ್ವವಾಯುವಿನ ಮುನ್ಸೂಚನೆ ಎಂದು ತಿಳಿದು ಸುಮ್ನೆ ಆಸ್ಪಿರಿನ್ ಶುರು ಮಾಡಿದರೆ ಅಪಾಯ ಇನ್ನೂ ಹೆಚ್ಚಬಹುದು. ಹಾಗಂತ ಬಿಪಿ ಮಾತ್ರೆ ಬಿಡುವಂತಿಲ್ಲ. ಕಾರಣ ಯಾವುದಾದರೂ ಬಿಪಿ ಹತೋಟಿಯಲ್ಲಿರಲೇಬೇಕು.

ಇನ್ನೊಂದು ಮಾತು. ಸ್ಕ್ಯಾನ್ ಕೋಣೆಯ ಹೊರಗೆ ಮಕ್ಕಳು ಕೇಳುತ್ತಾರೆ: “ಅಮ್ಮನಿಗೆ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ನಾವೇನು ತಪ್ಪು ಮಾಡಿದೆವು?” ಉತ್ತರ ಹೇಳುವುದು ನನ್ನ ಕೆಲಸವಲ್ಲ. ಆದರೆ ಅವರಿಗೆ ಉತ್ತರ ಸಿಗಬೇಕು. ಎಷ್ಟೋ ಮನೆಯವರು ಆ ತಪ್ಪಿತಸ್ಥ ಭಾವನೆ ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ.

ವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ: ಡಿಸ್ಚಾರ್ಜ್ ಸಮ್ಮರಿಯಲ್ಲಿ ರಕ್ತಸ್ರಾವ ಎಲ್ಲಿ ಆಯಿತು, ಯಾಕೆ ಆಗಿರಬಹುದು ಎಂದು ಬರೆಯಿರಿ. ಮನೆಯವರೂ ಕೇಳಿ. ಸ್ಕ್ಯಾನ್‌ನ ಸಿಡಿ, ರಿಪೋರ್ಟ್ ಜೋಪಾನವಾಗಿಡಿ. ನಾಳೆ ಹೃದಯದ ಡಾಕ್ಟರ್ ಆಸ್ಪಿರಿನ್ ಬರೆಯಲು ಹೊರಟರೆ, ಮೊದಲು ಅದನ್ನು ಅವರಿಗೆ ತೋರಿಸಿ.

— ಒಬ್ಬ ಎಂಆರ್‌ಐ ಟೆಕ್ನಿಷಿಯನ್