ಕಬಡ್ಡಿ ಆಡುವ ಮಗಳಿಗೆ

ಪ್ರೀತಿಯ ಪುಟ್ಟಿ,

ನೀನು ನನ್ನ ಮೇಲೆ ಸಿಟ್ಟಾಗಿದ್ದೀ ಅಂತ ಅಮ್ಮ ಹೇಳಿದಳು. ಹೇಳದಿದ್ದರೂ ಗೊತ್ತಾಗುತ್ತಿತ್ತು. ಊಟಕ್ಕೆ ಕೂತಾಗ ಸಾರಿನ ಪಾತ್ರೆಯನ್ನು ನನ್ನ ಕಡೆ ದೂಡುವ ರೀತಿಯಲ್ಲೇ ಎಲ್ಲ ಉಂಟು. ಕಬಡ್ಡಿ ಕಲಿಸುವ ಸರ್ ಈಗ ಯಾರನ್ನೂ ಬೈಕಿನಲ್ಲಿ ಮನೆಗೆ ಬಿಡುವುದಿಲ್ಲ, ಯಾರಿಗೂ ಬೇರೆಯಾಗಿ ಮೆಸೇಜ್ ಮಾಡುವುದಿಲ್ಲ, ಎಲ್ಲ ನಿನ್ನ ಅಪ್ಪನಿಂದಾಗಿ ಅಂತ ನಿನ್ನ ಟೀಮಿನವರು ಗೊಣಗುತ್ತಿದ್ದಾರಂತೆ. ಹೌದು, ಆ ನಿಯಮಗಳನ್ನು ಕ್ಲಬ್ಬಿನ ಕಮಿಟಿ ಮುಂದೆ ಇಟ್ಟದ್ದು ನಾನೇ. ಖಜಾಂಚಿಗೆ ಅಷ್ಟೂ ಅಧಿಕಾರ ಬೇಡವಾ ಮಾರಾಯ್ತಿ? ಎದುರು ಕೂತು ಈ ವಿಷಯ ಮಾತಾಡುವುದಕ್ಕೆ ನಿನಗೂ ಮುಜುಗರ, ನನಗೂ ಮುಜುಗರ. ಅದಕ್ಕೆ ಈ ಕಾಗದ.

ನಿಮ್ಮ ಸರ್ ಮೇಲೆ ನನಗೆ ಸಂಶಯ ಇಲ್ಲ. ಸಂಬಳ ಇಲ್ಲದೆ, ಕೆಲಸ ಮುಗಿಸಿ ಬಂದು, ಸಂಜೆ ಆರರಿಂದ ಎಂಟರವರೆಗೆ ನಿಮ್ಮ ಜೊತೆ ಮಣ್ಣು ತಿನ್ನುವ ಮನುಷ್ಯ ಅವರು. ಆದರೆ ಅವರ ಮುಖ ನೋಡಿ ನಿಯಮ ಬರೆಯಲಿಕ್ಕೆ ಆಗುವುದಿಲ್ಲ. ಅಂಕಣದ ಕೊನೆಯ ಗೆರೆ, ಎಂಡ್ ಲೈನ್, ಅದರ ಆಚೆ ಕಾಲಿಟ್ಟರೆ ಔಟ್. ಇವಳು ಒಳ್ಳೆ ಹುಡುಗಿ, ಇರಲಿ ಬಿಡಿ ಅಂತ ಅಂಪಾಯರ್ ಹೇಳುತ್ತಾರಾ? ಇವತ್ತು ಈ ಸರ್ ಇದ್ದಾರೆ, ನಾಳೆ ಇನ್ನೊಬ್ಬರು ಬರುತ್ತಾರೆ. ಒಳ್ಳೆಯವರು ಅನ್ನುವ ನಂಬಿಕೆಯ ಮೇಲೆಯೇ ನಡೆಯುವ ಕ್ಲಬ್ಬಿಗೆ ಕೆಟ್ಟವನೊಬ್ಬ ಬಂದರೆ, ಅವನಿಗೂ ಅದೇ ನಂಬಿಕೆ ಪುಕ್ಕಟೆ ಸಿಗುತ್ತದೆ.

ನಮ್ಮ ಕಡೆ ಕ್ಲಬ್ಬು ಅಂದರೆ ಅರ್ಧ ಸಂಬಂಧಿಕರೇ. ಒಬ್ಬರು ಮಾವ, ಇನ್ನೊಬ್ಬರು ಅಣ್ಣ, ಮತ್ತೊಬ್ಬರು ಅಜ್ಜಿಯ ಮನೆಯ ಪಕ್ಕದವರು. ಕಷ್ಟಕ್ಕೆ ಓಡಿ ಬರುವವರೂ ಇವರೇ. ಆದರೆ ಇಷ್ಟು ಹತ್ತಿರದವರಾದ ಕಾರಣ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದದ್ದೇ ತಡ, ಹಿರಿಯರೊಬ್ಬರು ಎದ್ದರು. "ಎಷ್ಟೋ ವರ್ಷದಿಂದ ಕ್ಲಬ್ಬು ನಡೆಸ್ತಾ ಇದ್ದೇವೆ, ಈಗ ನಮ್ಮ ಹುಡುಗರ ಮೇಲೆಯೇ ಸಂಶಯವಾ?" ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರು ಕೇಳಿದ ಪ್ರಶ್ನೆ ಮಾತ್ರ ಸರಿಯಲ್ಲ. ಕೆಟ್ಟದ್ದು ಆಗಿಲ್ಲ ಅಂತ ಹೇಳಲಿಕ್ಕೆ, ಆಗಿದ್ದರೆ ನಮಗೆ ಗೊತ್ತಾಗುವ ದಾರಿ ಒಂದಾದರೂ ಇರಬೇಕಲ್ಲ? ಅದೇ ಇರಲಿಲ್ಲ.

ಶಾಲೆಯಲ್ಲಿ ನಿನಗೆ ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ ಅಂತ ಪಾಠ ಮಾಡಿದ್ದಾರೆ. ಒಳ್ಳೆಯದೇ. ಆದರೆ ಕಬಡ್ಡಿ ಆಡುವವಳಿಗೆ ಅದು ಎಷ್ಟು ಉಪಯೋಗ? ಮುಟ್ಟದೆ ನಮ್ಮ ಆಟವೇ ಇಲ್ಲ. ಆಂಕಲ್ ಹೋಲ್ಡ್ ಕಲಿಸಬೇಕಾದರೆ ಕಾಲು ಹಿಡಿಯಲೇಬೇಕು. ತೊಡೆ ಹಿಡಿಯುವ ಥೈ ಹೋಲ್ಡ್ ಬಾಯಿಮಾತಲ್ಲಿ ಯಾರಿಗೂ ಬಂದದ್ದಿಲ್ಲ. ಎಲ್ಲಿ ಮುಟ್ಟಿದರು ಅನ್ನುವುದೊಂದರಿಂದಲೇ ನೀನು ಸರಿ-ತಪ್ಪು ತೀರ್ಮಾನಿಸಲಿಕ್ಕೆ ಆಗುವುದಿಲ್ಲ. ಹದಿಮೂರರ ಹುಡುಗಿ ತೀರ್ಮಾನಿಸಬೇಕು ಅಂತ ಬಯಸುವುದೂ ಅನ್ಯಾಯ. ಅದಕ್ಕೇ ಕಲಿಸುವ ಕ್ರಮಕ್ಕೇ ನಿಯಮ ಮಾಡಿದ್ದು. ಹಿಡಿತ ಕಲಿಸುವುದು ಎಲ್ಲರ ಎದುರು, ಬಯಲಲ್ಲಿ. ಏನು ಮಾಡುತ್ತೇನೆ ಅಂತ ಮೊದಲು ಹೇಳಬೇಕು. ಆದಷ್ಟು ದೊಡ್ಡ ಹುಡುಗಿಯರೇ ಪರಸ್ಪರ ಹಿಡಿದು ತೋರಿಸಬೇಕು, ಸರ್ ಬಾಯಲ್ಲಿ ತಿದ್ದಬೇಕು. ಕಾಲು ಉಳುಕಿದರೆ ಸ್ಪ್ರೇ, ಪಟ್ಟಿ ಎಲ್ಲ ಅಂಕಣದ ಬದಿಯಲ್ಲೇ, ಇನ್ನೊಬ್ಬರು ದೊಡ್ಡವರು ಇರುವಾಗ. ತೂಕ ನೋಡುವಾಗ ಒಬ್ಬರು ಹೆಂಗಸು ಇರಬೇಕು. ಇಷ್ಟಿದ್ದರೆ ಬೇರೆ ತರಹದ್ದು ಏನಾದರೂ ಆದಾಗ ಎದ್ದು ಕಾಣುತ್ತದೆ. ನಿನಗೆ ಮಾತ್ರ ಅಲ್ಲ, ಸುತ್ತ ಇರುವ ಎಲ್ಲರಿಗೂ.

ಹುಡುಗರ ಟೀಮಿಗೂ ಇದೇ ನಿಯಮ. ಹುಡುಗರಿಗೆ ಎಂತ ಆಗುತ್ತದೆ ಅಂತ ನಕ್ಕವರಿದ್ದಾರೆ. ಕಾನೂನು ನಗುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ, ಹುಡುಗಿಯಾಗಲಿ ಹುಡುಗನಾಗಲಿ.

ಈಗ ನಿನ್ನ ದೊಡ್ಡ ದೂರು, ಮನೆಗೆ ಬಿಡುವ ವಿಷಯ. ಹೊನಲು ಬೆಳಕಿನ ಪಂದ್ಯಾಟ ಅಂದರೆ ಮುಗಿಯುವಾಗ ರಾತ್ರಿ ಒಂದು ಗಂಟೆ. ಅತಿಥಿಗಳ ಭಾಷಣ ಕಡಿಮೆ ಮಾಡಿದರೆ ಹನ್ನೊಂದಕ್ಕೇ ಮುಗಿಸಬಹುದು, ಆದರೆ ಅದನ್ನು ಹೇಳುವ ಧೈರ್ಯ ಯಾವ ಖಜಾಂಚಿಗೂ ಇಲ್ಲ. ಉಡುಪಿಯಿಂದ ಓಮ್ನಿ ಹೊರಟರೆ ಪರ್ಕಳದಲ್ಲಿ ಇಬ್ಬರು ಇಳಿಯುತ್ತಾರೆ, ಹಿರಿಯಡ್ಕದಲ್ಲಿ ಮೂವರು, ಪೆರ್ಡೂರಿನಲ್ಲಿ ಒಬ್ಬಳು. ಹೊರಡುವಾಗ ಗಾಡಿ ತುಂಬ ಮಕ್ಕಳು, ನೋಡುವವರಿಗೆ ಏನೂ ತಪ್ಪು ಕಾಣುವುದಿಲ್ಲ. ಆದರೆ ಕೊನೆಯಲ್ಲಿ ಇಳಿಯುವ ಮಗು ಒಂದೇ, ಗಾಡಿ ಓಡಿಸುವ ದೊಡ್ಡವರು ಒಬ್ಬರೇ. ಆ ಕೊನೆಯ ಕೆಲವು ಕಿಲೋಮೀಟರಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಈಗ ಕೊನೆಗೆ ಇಬ್ಬರು ಒಟ್ಟಿಗೆ ಇಳಿಯುವ ಹಾಗೆ ದಾರಿ ಬದಲಿಸಿದ್ದೇವೆ. ಆಗದಿದ್ದರೆ ಮನೆಯವರು ಹಿರಿಯಡ್ಕಕ್ಕೇ ಬರಬೇಕು. ಅರ್ಧ ರಾತ್ರಿಯಲ್ಲಿ ನಾನು ಬಸ್‌ಸ್ಟ್ಯಾಂಡಿನಲ್ಲಿ ಸ್ಕೂಟರ್ ಹಿಡಿದುಕೊಂಡು ನಿಲ್ಲುವುದು ಅದಕ್ಕೆ. ನಿನಗೆ ನಾಚಿಕೆಯಾಗುತ್ತದೆ, ಗೊತ್ತು. ಹೆಲ್ಮೆಟ್ ಹಾಕಿಕೊಂಡೇ ನಿಲ್ಲುತ್ತೇನೆ, ಯಾರಿಗೂ ಗುರುತು ಸಿಗಲಿಕ್ಕಿಲ್ಲ.

ಹುಡುಗಿಯರ ಟೀಮ್ ಹೊರಗೆ ಹೋದರೆ ಜೊತೆಗೆ ಒಬ್ಬರು ಹೆಂಗಸು ಇರಲೇಬೇಕು ಅನ್ನುವುದೂ ನನ್ನ ತಲೆಯಿಂದ ಬಂದದ್ದಲ್ಲ. 2022ರಲ್ಲಿ ವಿದೇಶದಲ್ಲಿ ತರಬೇತಿಗೆ ಹೋಗಿದ್ದ ಸೈಕ್ಲಿಂಗ್ ಆಟಗಾರ್ತಿಯೊಬ್ಬಳು ಕೋಚ್ ಮೇಲೆ ದೂರು ಕೊಟ್ಟಳು. ಆಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರವು ಆಟಗಾರ್ತಿಯರಿರುವ ತಂಡದ ಜೊತೆ ಮಹಿಳಾ ಕೋಚ್ ಇರಲೇಬೇಕು ಅಂತ ಸೂಚನೆ ಕೊಟ್ಟಿತು. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿಯವರ ಹಾಗೆ ದೇಶದ ಟೀಮಿಗೆ ಕ್ಯಾಪ್ಟನ್ ಆಗಬೇಕು ಅಂತ ನೀನು ಗೋಡೆಗೆ ಫೋಟೋ ಅಂಟಿಸಿದ್ದೀಯಲ್ಲ? ದೇಶದ ಟೀಮಿಗೆ ಬೇಕಾದದ್ದು ನಮ್ಮ ಊರಿನ ಟೀಮಿಗೂ ಬೇಕು.

ಮೆಸೇಜು, ಉಡುಗೊರೆ ಇತ್ಯಾದಿ ಸಣ್ಣ ವಿಷಯ. ಪ್ರಾಕ್ಟೀಸ್ ಸುದ್ದಿ ಏನಿದ್ದರೂ ಅಪ್ಪ-ಅಮ್ಮಂದಿರು ಇರುವ ಗ್ರೂಪಿನಲ್ಲಿ. ಶೂ ಕೊಡಿಸುವುದಾದರೆ ಕ್ಲಬ್ಬಿನ ಲೆಕ್ಕದಲ್ಲಿ, ಎಲ್ಲರ ಎದುರು. "ಇದು ನಮ್ಮಿಬ್ಬರಲ್ಲೇ ಇರಲಿ" ಅಂತ ಯಾರೇ ಹೇಳಲಿ, ಆ ಮಾತನ್ನು ಅವತ್ತೇ ಮನೆಗೆ ತಂದುಬಿಡು. ಗೆದ್ದಾಗ ಹಾಕುವ ಫ್ಲೆಕ್ಸಿನಲ್ಲಿ ನಿಮ್ಮ ಶಾಲೆ, ತರಗತಿ ಎಲ್ಲ ಬರೆಯುವುದನ್ನೂ ನಿಲ್ಲಿಸಿದ್ದೇವೆ. ಮುಖ ಇರುತ್ತದೆ, ಹೆದರಬೇಡ.

ಇನ್ನೊಂದು ಕಥೆ ಹೇಳಬೇಕು. 1990, ಚಂಡೀಗಢದ ಪಕ್ಕದ ಪಂಚಕುಲ. ಟೆನಿಸ್ ಆಡುವ 14 ವರ್ಷದ ಹುಡುಗಿ. ರಾಜ್ಯದ ಟೆನಿಸ್ ಸಂಸ್ಥೆಯ ಅಧ್ಯಕ್ಷ ದೊಡ್ಡ ಪೊಲೀಸ್ ಅಧಿಕಾರಿ. ವಿಶೇಷ ತರಬೇತಿ ಕೊಡಿಸುತ್ತೇನೆ ಅಂತ ತನ್ನ ಆಫೀಸಿಗೆ ಕರೆಸಿದ. ಅವಳು ಗೆಳತಿಯ ಜೊತೆ ಹೋದಳು. ಕೋಚನ್ನು ಕರೆದುಕೊಂಡು ಬಾ ಅಂತ ಗೆಳತಿಯನ್ನು ಹೊರಗೆ ಕಳಿಸಿದ. ಆಮೇಲೆ ಅವಳ ಮೇಲೆ ಕೈ ಹಾಕಿದ. ವಾಪಸ್ ಬಂದ ಗೆಳತಿ ಅದನ್ನು ಕಣ್ಣಾರೆ ಕಂಡಳು. ದೂರು ಕೊಟ್ಟ ಮೇಲೆ ಆ ಹುಡುಗಿಯನ್ನು ಶಾಲೆಯಿಂದಲೇ ತೆಗೆದರು. ಅವನಿಗೆ ಶಿಕ್ಷೆಯ ತೀರ್ಪು ಬಂದದ್ದು 2009ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಆ ಹುಡುಗಿ ಬದುಕಿರಲಿಲ್ಲ. 19 ವರ್ಷ ಕೋರ್ಟು ಕಚೇರಿ ಅಲೆದದ್ದು ಆ ಗೆಳತಿ ಮತ್ತು ಅವಳ ಅಪ್ಪ-ಅಮ್ಮ.

ಇದನ್ನು ನಿನ್ನನ್ನು ಹೆದರಿಸಲಿಕ್ಕೆ ಹೇಳಿದ್ದಲ್ಲ. ಗೆಳತಿಯನ್ನು ಹೊರಗೆ ಕಳಿಸಿದ ಆ ಒಂದು ಗಳಿಗೆಯನ್ನು ನೋಡು. ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಇರಬಾರದು ಅಂತ ನಾವು ಬರೆದಿರುವುದು ಆ ಗಳಿಗೆಗೆ ಜಾಗ ಇರಬಾರದು ಅಂತ. ನಿನ್ನ ಟೀಮಿನ ಯಾರಾದರೂ ನಿನ್ನ ಹತ್ತಿರ ಬಂದು ಏನಾದರೂ ಹೇಳಿದರೆ, ಸುಳ್ಳಿರಬಹುದಾ ಅಂತ ವಿಚಾರಣೆ ಮಾಡಬೇಡ. ಯಾರಿಗೂ ಹೇಳುವುದಿಲ್ಲ ಅಂತ ಮಾತೂ ಕೊಡಬೇಡ. ಅವಳ ಕೈ ಹಿಡಿದು ಕರೆದುಕೊಂಡು ಬಾ. ನನ್ನ ಹತ್ತಿರವೇ ಆಗಬೇಕೆಂದಿಲ್ಲ. ನಿವೃತ್ತ ಟೀಚರ್ ಒಬ್ಬರನ್ನು ಕ್ಲಬ್ಬಿನವರು ಇದಕ್ಕೆಂದೇ ಕೇಳಿಕೊಂಡಿದ್ದೇವೆ. ಅವರು ಕಮಿಟಿಯಲ್ಲಿ ಇಲ್ಲ, ಸರ್ ಕೈಕೆಳಗೂ ಇಲ್ಲ. ಅದೂ ಬೇಡವೆಂದರೆ 1098, ಮಕ್ಕಳ ಸಹಾಯವಾಣಿ. ರಾತ್ರಿಯೂ ಎತ್ತುತ್ತಾರೆ, ದುಡ್ಡಿಲ್ಲ.

ಆಮೇಲೆ ಎಂತ ಆಗುತ್ತದೆ ಅಂತ ನಿನಗೆ ಮಂಡೆಬಿಸಿ ಬೇಡ. ಕ್ಲಬ್ಬು ಪಂಚಾಯ್ತಿ ಮಾಡುವ ಹಾಗಿಲ್ಲ. ಇಂಥ ವಿಷಯವನ್ನು ಒಳಗಿಂದೊಳಗೆ ಮುಗಿಸೋಣ, ಹುಡುಗಿಯ ಹೆಸರು ಹಾಳಾಗುತ್ತದೆ ಅನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಸಂಸ್ಥೆ ನಡೆಸುವವರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಇದನ್ನು ಓದಿ ಹೇಳಿದಾಗ ಮೀಟಿಂಗಿನಲ್ಲಿ ಜೋರು ಮಾತಾಡುತ್ತಿದ್ದ ಇಬ್ಬರು ಚಹಾ ತರಲಿಕ್ಕೆ ಎದ್ದು ಹೋದರು. ಮಗುವಿನ ಹೇಳಿಕೆ ಪಡೆಯಲು ಪೊಲೀಸರು ಮನೆಗೇ ಬರಬಹುದು, ಯೂನಿಫಾರಂ ಹಾಕದೆ, ಆದಷ್ಟು ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರೇ. ಹೆಸರು, ಫೋಟೋ ಪೇಪರಿನಲ್ಲಿ ಬರುವ ಹಾಗಿಲ್ಲ.

ಕೆಟ್ಟದ್ದು ಅಂದರೆ ಇದೊಂದೇ ಅಲ್ಲ. ಹೊಡೆಯುವುದು, ಡುಮ್ಮಿ ಅಂತ ಕರೆಯುವುದು, ಜ್ವರ ಇದ್ದರೂ ಆಡಿಸುವುದು, ದೊಡ್ಡ ಹುಡುಗಿಯರು ಸಣ್ಣವರಿಂದ ಬಟ್ಟೆ ಒಗೆಸುವುದು, ಇದೆಲ್ಲ ಸೇರುತ್ತದೆ. "ನಮಗೂ ಹೊಡೆದಿದ್ದಾರೆ, ಅದಕ್ಕೇ ಆಟ ಬಂತು" ಅಂತ ನಿನ್ನ ದೊಡ್ಡಪ್ಪ ಹೇಳುತ್ತಾನಲ್ಲ, ಅವನಿಗೆ ಆಟ ಬಂದದ್ದು ನಾನು ನೋಡಿಲ್ಲ.

ಒಂದು ಕೆಲಸ ಬಾಕಿ ಇದೆ. ಈ ನಿಯಮಗಳನ್ನು ಬರೆದವರಲ್ಲಿ ಜಾಸ್ತಿ ಜನ ಗಂಡಸರು, ಎಲ್ಲರೂ ನಲವತ್ತು ದಾಟಿದವರು. ಪಂದ್ಯಾಟಕ್ಕೆ ಹೋದಲ್ಲಿ ನಿಮಗೆ ಬಟ್ಟೆ ಬದಲಿಸಲು ಕೊಡುವ ಕೋಣೆಗೆ ಚಿಲಕ ಇರುತ್ತದಾ, ಕಿಟಕಿ ಮುಚ್ಚುತ್ತದಾ, ಮುಟ್ಟಿನ ದಿನ ರಜೆ ಕೇಳಲಿಕ್ಕೆ ಯಾರ ಹತ್ತಿರ ಹೋಗುತ್ತೀರಿ, ನಮಗೆ ಒಂದೂ ಗೊತ್ತಿಲ್ಲ. ಬರುವ ಭಾನುವಾರ ಮತ್ತೆ ಕಮಿಟಿ ಕೂರುತ್ತದೆ. ಅಷ್ಟರೊಳಗೆ ನೀವು ಹುಡುಗಿಯರು ಕೂತು, ಏನು ಬೇಕು, ಯಾವ ನಿಯಮ ಪ್ರಯೋಜನ ಇಲ್ಲ ಅಂತ ಬರೆದು ಕೊಡಿ. ಹೆಸರು ಬೇಡ. ಬೈಕಿನ ವಿಷಯ ಒಂದು ಬಿಟ್ಟು ಬೇರೆ ಯಾವುದನ್ನು ಬೇಕಾದರೂ ಚರ್ಚೆಗೆ ಇಡುತ್ತೇನೆ.

ನಿನ್ನ,
ಅಪ್ಪ